ಹಸಿ ವಾಸನೆ

ಹಾಲು ತಳ ಹಿಡಿದ ವಾಸನೆ ನಮ್ಮ ಗೇಟಿನವರೆಗೂ ಬಂದಿತ್ತು. ಕೆಲಸ ಮುಗಿಸಿ ಬಸ್ಸಿಳಿದು ಬಂದವಳು ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಗೆ ಓಡಿದೆ. ನಮ್ಮ ಅತ್ತೆ ವಿಮಲಮ್ಮ ಒಲೆಗೆ ಬೆನ್ನು ಹಾಕಿ ಆರಾಮಾಗಿ ಹುರುಳಿಕಾಯಿ ಮುರಿಯುತ್ತಾ ನಿಂತಿದ್ದರು.

"ಅತ್ತೆ, ಹಾಲು!"

"ಏನಾಯ್ತೀಗ ಹಾಲಿಗೆ?" ಅಂತ ತಿರುಗಿ ನೋಡಿ ಒಲೆ ಆರಿಸಿದರು. "ಈ ಪ್ಯಾಕೆಟ್ ಹಾಲೇ ಇಷ್ಟು, ದರಿದ್ರದ್ದು."

ಇವತ್ತು ಹಾಲಿನ ತಪ್ಪು. ಹೋದ ವಾರ ಹುಳಿ ಉಪ್ಪಾದಾಗ ಉಪ್ಪಿನ ತಪ್ಪು. ಪಲ್ಯ ಸೀದಾಗ ಬಾಣಲೆಯ ತಪ್ಪು, ಕೊನೆಗೆ ಸುತ್ತಿ ಬಳಸಿ ನನ್ನ ತಪ್ಪು, ಯಾಕೆಂದರೆ ಆ ಬಾಣಲೆ ತಂದವಳು ನಾನು. ನನಗೆ ತಲೆ ಕೆಟ್ಟುಹೋಗಿತ್ತು.

ರಾಜಾಜಿನಗರದ ಒಂದು ಮಸಾಲೆಪುಡಿ ಕಂಪನಿಯ ಲ್ಯಾಬಿನಲ್ಲಿ ನನಗೆ ಕೆಲಸ. ಮೂಸಿ, ನಾಲಿಗೆಗೆ ಹಾಕಿ, ಹೇಗಿದೆ ಅಂತ ಹೇಳುವುದೇ ಕೆಲಸ. ಮಾವ ನಂಜುಂಡಪ್ಪನವರು ಮನೆಗೆ ಬಂದವರಿಗೆಲ್ಲ "ನಮ್ ಲತಾಗೆ ತಿಂದ್ರೆ ಸಂಬಳ ಕೊಡ್ತಾರೆ" ಅಂತ ನನ್ನನ್ನು ಪರಿಚಯ ಮಾಡಿಸುತ್ತಾರೆ. ಮನೆಯಲ್ಲಿ ಮಾತ್ರ ನನ್ನ ಮೂಗಿಗೆ ಕಿಲುಬು ಕಾಸಿನ ಬೆಲೆ ಇರಲಿಲ್ಲ. ಅಲ್ಲಿ ಅತ್ತೆಯ ಮೂಗಿತ್ತು.

ನಾವು ಮಾರೇನಹಳ್ಳಿಯ ಹಳೇ ಒಕ್ಕಲು. ಹೊಲಗಳು ಸೈಟಾಗಿ, ಸೈಟುಗಳ ಮೇಲೆ ಬಾಡಿಗೆ ಮನೆಗಳೆದ್ದರೂ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವುದನ್ನು ಬಿಟ್ಟಿಲ್ಲ. ತೀರಿಹೋದವರು ಇಷ್ಟಪಡುತ್ತಿದ್ದುದನ್ನೆಲ್ಲ ಮಾಡಿ, ಎಲೆಗೆ ಬಡಿಸಿ, ಬಾಗಿಲು ಮುಂದೆ ಮಾಡಿಕೊಂಡು ಬರುತ್ತೇವೆ. ಅವರು ಉಂಡ ಮೇಲೆ ನಾವು. ಅಲ್ಲಿಯವರೆಗೆ ಒಂದು ತೊಟ್ಟು ಸಾರನ್ನೂ ನಾಲಿಗೆಗೆ ಹಾಕುವ ಹಾಗಿಲ್ಲ, ಎಂಜಲಾಗುತ್ತದೆ. ಹಾಗಾಗಿ ಅಷ್ಟೊಂದು ಜನದ ಬಾಡಿನ ಸಾರಿನ ಉಪ್ಪು ಖಾರವನ್ನು ಅತ್ತೆ ಆವಿಯಲ್ಲೇ ಹಿಡಿಯುತ್ತಿದ್ದರು. ಉಪ್ಪಿಗೆ ವಾಸನೆಯೇ ಇಲ್ಲ ಅಂತ ಮದುವೆಯಾದ ಹೊಸದರಲ್ಲಿ ನಾನು ವಾದ ಮಾಡಿದ್ದೆ. ಆಮೇಲೆ ನಮ್ಮ ಲ್ಯಾಬಿನ ಮ್ಯಾನೇಜರೇ ಹೇಳಿದರು, ಉಪ್ಪು ಬಿದ್ದರೆ ಸಾರಿನ ಉಳಿದ ವಾಸನೆಗಳು ಜಾಸ್ತಿ ಮೇಲೇಳುತ್ತವೆ, ಪಳಗಿದ ಮೂಗಿಗೆ ಅದು ಗೊತ್ತಾದರೂ ಆಗಬಹುದು ಅಂತ. ಮನೆಯಲ್ಲಿ ನಾನು ಆ ವಿಷಯ ಬಾಯಿ ಬಿಡಲಿಲ್ಲ.

ಅಂಥ ಮೂಗು ಆ ಮಳೆಗಾಲದಲ್ಲಿ ಸತ್ತುಹೋಗಿತ್ತು. ಹಂದಿಜ್ವರದ ಭಯಕ್ಕೆ ಊರೆಲ್ಲ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಓಡಾಡಿದ ವರ್ಷ ಅದು. ಅತ್ತೆಗೆ ಬಂದದ್ದು ಯಾವ ಜ್ವರವೋ, ಬಿಟ್ಟು ಹೋಗುವಾಗ ವಾಸನೆಯನ್ನೂ ಎತ್ತಿಕೊಂಡು ಹೋಯಿತು. ನನಗೆ ಗೊತ್ತಾಯಿತು. ಗಂಡ ಮಧುಕುಮಾರ್‌ಗೆ ಹೇಳಿದೆ.

"ಅಮ್ಮಂಗೆ ವಯಸ್ಸಾಯ್ತು ಕಣೇ, ಬಿಡು," ಅಂದರು.

"ಒಂದೇ ವಾರದಲ್ಲಿ ಆಗೋಗತ್ತೇನ್ರೀ ವಯಸ್ಸು?" ಅಂದೆ. ಟಿವಿ ಸೌಂಡು ಜಾಸ್ತಿ ಮಾಡಿದರು.

ಗೌರಿ ಹಬ್ಬಕ್ಕೆ ಉಲ್ಲಾಳದಿಂದ ಮಾವನ ತಮ್ಮನ ಹೆಂಡತಿ, ನಮ್ಮ ಚಿಕ್ಕತ್ತೆ ಕಮಲಾಕ್ಷಮ್ಮ ಬಂದರು. ಅಡುಗೆಯಲ್ಲಿ ತಪ್ಪು ಹುಡುಕುವುದರಲ್ಲಿ ಅವರು ನಮ್ಮ ಲ್ಯಾಬಿಗೇ ಬೇಕಾದವರು. ಒಬ್ಬಟ್ಟಿನ ಸಾರನ್ನು ಒಂದು ಗುಟುಕು ಹೀರಿ ಕೈ ತೊಳೆದರು. "ಹಸಿ ವಾಸನೆ ಹಂಗೇ ಇದೆ. ಅಕ್ಕಂಗೆ ಇನ್ನು ಕೈಲಾಗಲ್ಲ ಭಾವ. ಅಮಾವಾಸ್ಯೆಗೂ ಹಿಂಗೇ ಆದ್ರೆ, ಮುಂದಿನ ವರ್ಷದಿಂದ ಎಡೆ ನಮ್ಮನೇಲೇ ಇಟ್ಕೊಳೋಣ." ಮಾವ ಎಲೆ ನೋಡಿಕೊಂಡು ಹೂಂ ಅಂದುಬಿಟ್ಟರು. ಹೊಲ ಮಾವನ ಹೆಸರಿಗಿತ್ತು, ಮನೆ ಮಗನ ಹೆಸರಿಗಿದೆ. ಅತ್ತೆಯ ಹೆಸರಿಗೆ ಅಂತ ಇದ್ದದ್ದು ಅಮಾವಾಸ್ಯೆಯ ಆ ಸಾರು ಮಾತ್ರ. ಆವತ್ತು ಅವರು ಊಟ ಮಾಡಲಿಲ್ಲ.

ಮಾರನೇ ದಿನ ಅವರ ಮುಂದೆ ಮೂರು ಬಟ್ಟಲಿಟ್ಟೆ. ಲ್ಯಾಬಿನಲ್ಲಿ ನಮಗೆ ದಿನಾ ಕೊಡುವ ಪರೀಕ್ಷೆ ಅದು. ಎರಡರಲ್ಲಿ ಒಂದೇ ಪದಾರ್ಥ, ಮೂರನೆಯದರಲ್ಲಿ ಬೇರೆ, ಬೇರೆ ಯಾವುದು ಅಂತ ಮೂಸಿ ಹೇಳಬೇಕು. ಎರಡರಲ್ಲಿ ಧನಿಯಾ ಪುಡಿ, ಒಂದರಲ್ಲಿ ಕಾಫಿಪುಡಿ ಹಾಕಿದ್ದೆ.

"ಕಣ್ಮುಚ್ಚಿ, ಅತ್ತೆ."

"ನಾನೇನು ನಿಮ್ಮ ಕಂಪ್ನಿ ಕೂಲಿಯೋಳಾ?"

"ಸರಿಯಾಗಿ ಹೇಳಿಬಿಡಿ, ನಾನಿನ್ನು ನಿಮ್ಮ ಅಡುಗೆ ಬಗ್ಗೆ ಬಾಯೇ ತೆಗೆಯಲ್ಲ."

ಆ ಆಸೆಗೆ ಕಣ್ಣು ಮುಚ್ಚಿದರು. ಒಂದೊಂದನ್ನೇ ಮೂಸಿದರು. ಮತ್ತೆ ಮೊದಲನೆಯದಕ್ಕೆ ಬಂದರು. "ಮೂರೂ ಒಂದೇ," ಅಂತ ಕಣ್ಣು ಬಿಟ್ಟವರಿಗೆ ಕಾಫಿಪುಡಿ ಕಂಡಿತು. ಬೈಯುತ್ತಾರೆ ಅಂತ ಕಾದೆ. ಬೈಯಲಿಲ್ಲ. "ಯಾರಿಗೂ ಹೇಳ್ಬೇಡ ಕಣೇ," ಅಂದರು. ಗೆದ್ದೆ ಅಂತ ಖುಷಿಯಾಗಬೇಕಿತ್ತು, ಆಗಲಿಲ್ಲ. "ಯಾರಿಗೂ ಹೇಳಲ್ಲ ಅತ್ತೆ," ಅಂತ ಬಟ್ಟಲು ಎತ್ತಿಟ್ಟೆ.

ವಿಜಯನಗರದ ಕಿವಿ ಮೂಗಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಜ್ವರಕ್ಕೆ ವಾಸನೆಯ ನರಕ್ಕೆ ಪೆಟ್ಟಾಗಿದೆ, ನಿಧಾನಕ್ಕೆ ಸರಿಹೋಗಬಹುದು, ಹೋಗದೆಯೂ ಇರಬಹುದು ಅಂದರು. "ನಾಲಿಗೆಗೆ ಉಪ್ಪು ಹುಳಿ ಗೊತ್ತಾಗತ್ತಲ್ಲಮ್ಮಾ? ರುಚಿ ನೋಡ್ಕೊಂಡು ಅಡುಗೆ ಮಾಡಿ, ಅಷ್ಟೇ." ಅಷ್ಟೇ ಅಂತೆ! ಎಡೆ ಅಡುಗೆಯ ವಿಷಯ ಆ ಪುಣ್ಯಾತ್ಮನಿಗೆ ಯಾರು ಬಿಡಿಸಿ ಹೇಳುವುದು?

"ನಾನು ಮೂಸಿ ಹೇಳ್ತೀನಿ ಬಿಡಿ," ಅಂದೆ ಆಟೋದಲ್ಲಿ.

"ಬೇಕೂಂತ ಮೂಸಂಗಿಲ್ಲ. ಮೂಸಿದ ಹೂವ ದೇವ್ರಿಗೆ ಇಡ್ತೀಯಾ?"

"ಮತ್ತೆ ನೀವು ಇಷ್ಟು ವರ್ಷ ಮಾಡಿದ್ದೇನು?"

"ನಾನೆಲ್ಲಿ ಮೂಸ್ತಿದ್ದೆ? ಅದೇ ಬರ್ತಿತ್ತು."

ಆಟೋದ ಕಂಬಿಗೆ ಹಣೆ ಚಚ್ಚಿಕೊಳ್ಳೋಣ ಅನ್ನಿಸಿತು. ಮನೆ ಮುಟ್ಟುವ ಹೊತ್ತಿಗೆ ಒಂದು ಒಪ್ಪಂದಕ್ಕೆ ಬಂದೆವು. ಅಮಾವಾಸ್ಯೆಯ ದಿನ ನಾನು ಒಲೆಯ ಪಕ್ಕದಲ್ಲಿ ಕಾಯಿ ತುರಿಯುತ್ತಾ ಕೂರುವುದು. ವಾಸನೆ ತಾನಾಗಿಯೇ ನನ್ನ ಹತ್ತಿರ ಬಂದರೆ ಬರಲಿ. ಹುರಿಯುವ ಮಸಾಲೆಯ ಹಸಿ ವಾಸನೆ ಹೋದ ಕೂಡಲೇ ನಾನು ಕೆಮ್ಮುವುದು, ಸಾರಿಗೆ ಉಪ್ಪು ಸಾಕಾದಾಗ ಇನ್ನೊಂದು ಸಲ. ಯಾರಿಗೂ ಅನುಮಾನ ಬರುವುದಿಲ್ಲ ಅಂತ ಅತ್ತೆಯೇ ಹೇಳಿಕೊಟ್ಟ ಉಪಾಯ ಅದು.

ಅಮಾವಾಸ್ಯೆಯ ಬೆಳಿಗ್ಗೆಯೇ ಕಮಲಾಕ್ಷಮ್ಮ ಬಂದು ಅಡುಗೆಮನೆ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತರು. ಅತ್ತೆ ಚಕ್ಕೆ ಲವಂಗ ಸಿಡಿಸಿ, ರುಬ್ಬಿದ ಮಸಾಲೆ ಸುರಿದು ಕೈಯಾಡಿಸತೊಡಗಿದರು. ಎಣ್ಣೆ ಬಿಟ್ಟಿತು, ಹಸಿ ವಾಸನೆ ಹೋಯಿತು. ನಾನು ಕೆಮ್ಮಿದೆ.

"ಅಯ್ಯಯ್ಯೋ!" ಚಿಕ್ಕತ್ತೆ ಸೆರಗನ್ನು ಮೂಗಿಗೊತ್ತಿಕೊಂಡು ಎದ್ದುನಿಂತರು. "ಕೆಮ್ಮು ಹಿಡ್ಕೊಂಡಿದಾಳೆ! ಊರಲ್ಲಿ ಎಂಥಾ ಜ್ವರ ಓಡಾಡ್ತಿದೆ, ಇವಳನ್ನ ಎಡೆ ಅಡುಗೆ ಹತ್ರ ಕೂರಿಸಿದೀರಲ್ಲ ಅಕ್ಕಾ! ಏಳೇ, ಆಚೆ ಹೋಗು!"

"ಚಿಕ್ಕತ್ತೆ, ಏನಿಲ್ಲ, ಕಾಯಿ ನಾರು..." ಅಂದೆ. ಕೇಳುವವರು ಯಾರು? ನನ್ನನ್ನು ನಡುಮನೆಗೆ ಅಟ್ಟಿದರು. ಅಷ್ಟು ಬುದ್ಧಿ ಉಪಯೋಗಿಸಿ ಆರಿಸಿದ್ದೆವಲ್ಲ, ಆ ವರ್ಷ ಇಡೀ ಬೆಂಗಳೂರಿನಲ್ಲಿ ಮಾಡಬಾರದಿದ್ದ ಕೆಲಸ ಅದೊಂದೇ. ಸಿಟ್ಟಿಗೆ ನನಗೆ ನಿಜವಾಗಿಯೂ ಕೆಮ್ಮು ಬಂತು.

ನಡುಮನೆ ತುಂಬ ನೆಂಟರು, ಸಾಂಬ್ರಾಣಿ, ಮಲ್ಲಿಗೆ. ಅಲ್ಲಿಗೆ ಸಾರಿನ ವಾಸನೆಯ ಸುದ್ದಿಯೇ ಇಲ್ಲ. ಎದ್ದು ಬಾಗಿಲಿಂದ ಇಣುಕಿದೆ. ಬಾಡು ಬೆಂದು ಸಾರು ಕುದಿಯುತ್ತಿತ್ತು. ಅತ್ತೆ ಹಿಡಿಯಲ್ಲಿ ಉಪ್ಪು ಹಿಡಿದು ಪಾತ್ರೆಯ ಮೇಲೆ ಬಗ್ಗಿದ್ದರು. ಆವಿ ಮುಖಕ್ಕೆ ಹೊಡೆಯುತ್ತಿತ್ತು. ಮೂಗಿನ ಹೊಳ್ಳೆ ಅಗಲವಾಗುತ್ತಿತ್ತು. ಕೈ ಮಾತ್ರ ಗಾಳಿಯಲ್ಲೇ ನಿಂತಿತ್ತು, ಹಾಕಲೋ ಬೇಡವೋ ಗೊತ್ತಾಗದೆ. ನನಗೆ ತಡೆಯಲಾಗಲಿಲ್ಲ. ಒಳಗೆ ನುಗ್ಗಿ, ಪಾತ್ರೆಯ ಮೇಲೆ ಬಗ್ಗಿ, ಬೇಕೆಂದೇ ಉಸಿರು ತುಂಬ ಎಳೆದುಕೊಂಡೆ.

"ಅರ್ಧ ಹಿಡಿ ಹಾಕಿ, ಅತ್ತೆ. ಸಾಕು."

"ಮೂಸಿದ್ಲು!" ಕಮಲಾಕ್ಷಮ್ಮನ ಕೂಗಿಗೆ ನೆಂಟರೆಲ್ಲ ಎದ್ದು ಬಂದರು. "ಹಿರಿಯರ ಎಡೇನ ಮೂಸಿ ಎಂಜಲು ಮಾಡಿದ್ಲು ಭಾವ! ಇಂಥ ಸೊಸೆ ಇರೋ ಮನೇಲಿ ಇನ್ನು ಎಡೆ ಇಡೋದುಂಟಾ?"

ಮಾವ ನನ್ನ ಮುಖ ನೋಡಿದರು. "ಯಾಕಮ್ಮಾ ಹಿಂಗ್ ಮಾಡ್ದೆ?" ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದೆನಲ್ಲ, ಹಲ್ಲು ಕಚ್ಚಿಕೊಂಡು ನಿಂತೆ. ಮಧುಕುಮಾರ್ ಎಂದಿನಂತೆ ನೆಲ ನೋಡುತ್ತಿದ್ದರು.

ಅತ್ತೆ ಅರ್ಧ ಹಿಡಿ ಉಪ್ಪು ಹಾಕಿ, ಉಳಿದದ್ದನ್ನು ಡಬ್ಬಿಗೆ ಉದುರಿಸಿ, ಸೌಟಾಡಿಸಿದರು.

"ಅವಳು ಮೂಸಿಲ್ಲ. ನಾನು ಮೂಸಿದ್ದು," ಅಂದರು. "ನಂಗೆ ವಾಸನೆ ಗೊತ್ತಾಗಲ್ಲ. ನನ್ನ ಮೂಗು ಅಂತ ಅವಳನ್ನ ಇಟ್ಕೊಂಡಿದೀನಿ."

"ಯಾವಾಗಿಂದ?" ಅಂದರು ಮಾವ.

"ಜ್ವರ ಬಂದಾಗಿಂದ. ನೀವು ಕೇಳ್ಲಿಲ್ಲ." ಆಮೇಲೆ ಓರಗಿತ್ತಿಯ ಕಡೆ ತಿರುಗಿದರು. "ಕಮಲಾಕ್ಷಿ, ನಮ್ಮತ್ತೆಗೆ ಕಣ್ಣು ಮಂಜಾದಾಗ ಎಡೆ ಅಕ್ಕೀಲಿ ಕಲ್ಲು ಆರಿಸಿಕೊಟ್ಟೋರು ಯಾರು? ನಾನೂ ನೀನೂ. ಅವಾಗ ಅಡುಗೆ ಯಾರದ್ದು ಅಂದ್ರು ಎಲ್ರೂ? ಅತ್ತೇದೇ ಅಂದ್ರು. ಇದೂ ನಂದೇ."

ಕಮಲಾಕ್ಷಮ್ಮ ಮಣೆ ಎತ್ತಿ ಬಾಗಿಲಲ್ಲಿ ದಾರಿ ಬಿಟ್ಟರು. ಮಾವ, "ಹೊತ್ತಾಯ್ತು, ಎಲೆ ಹಾಕಿ," ಅಂದರು.

ಹಿರಿಯರು ಉಂಡರು, ಬಾಗಿಲು ತೆರೆಯಿತು, ಪಂಕ್ತಿ ಕೂತಿತು. ಕಮಲಾಕ್ಷಮ್ಮ ಗೊಣಗುತ್ತಲೇ ಮತ್ತೆ ಸಾರು ಹಾಕಿಸಿಕೊಂಡರು. ಕೈ ತೊಳೆಯಲು ಏಳುವಾಗ ಮಾವ, "ಮುಂದಿನ ವರ್ಷಾನೂ ಇಲ್ಲೇ," ಅಂತ ಎಲ್ಲರಿಗೂ ಕೇಳುವಂತೆ ಹೇಳಿದರು.

ಕೊನೆಗೆ ಅಡುಗೆಮನೆಯಲ್ಲಿ ನಾನೂ ಅತ್ತೆಯೂ ಕೂತೆವು. ಅವರು ಮುದ್ದೆ ಮುರಿದು, ಸಾರಲ್ಲಿ ಅದ್ದಿ, ನುಂಗಿದರು.

"ಉಪ್ಪಿದೆ, ಖಾರ ಇದೆ," ಅಂದರು. "ಇನ್ನೇನೂ ಇಲ್ಲ ಕಣೇ. ಬಿಸಿನೀರು."

"ಎಲ್ರೂ ಚೆನ್ನಾಗಿದೆ ಅಂದ್ರಲ್ಲ ಅತ್ತೆ."

"ಚೆನ್ನಾಗಿದೆ ಅಂದ್ರೆ ಏನು? ಕಂಪ್ನೀಲೂ ಹಿಂಗೇ ಹೇಳಿ ಸಂಬಳ ತಗೋತೀಯಾ? ನೆಟ್ಟಗೆ ಹೇಳು."

ಒಂದು ಗುಟುಕು ಸಾರು ಹೀರಿ ಕಣ್ಣು ಮುಚ್ಚಿದೆ. "ಮೊದಲು ಹುರಿದ ಧನಿಯಾ. ಅದರ ಹಿಂದೇನೇ ಲವಂಗ, ಜಾಸ್ತಿ ಇಲ್ಲ. ಆಮೇಲೆ ಕಾಯಿಹಾಲಿನ ಸಿಹಿ, ಕೊಬ್ಬು ಕರಗಿರೋ ಘಮ. ನುಂಗಿದ ಮೇಲೆ ಬೆಳ್ಳುಳ್ಳಿ ಉಳಿಯತ್ತೆ. ಕೊನೇಲಿ ಚಕ್ಕೆ ಒಂಚೂರು, ಒಂದೇ ಚೂರು, ಸೀದಂಗಿದೆ."

ಅತ್ತೆ ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಕೇಳಿದರು. ಕಣ್ಣಲ್ಲಿ ನೀರಿತ್ತು. ನುಂಗಿ ಆದಮೇಲೆ ನನ್ನ ಕಡೆ ಕೆಕ್ಕರಿಸಿದರು.

"ಸೀಯದೆ ಇನ್ನೇನು? ನೀನು ತಡವಾಗಿ ಕೆಮ್ಮಿದೆ."

ಇವರನ್ನು ಏನು ಮಾಡುವುದು ಹೇಳಿ! ಎದ್ದುಹೋಗೋಣ ಅನ್ನಿಸಿತು. ಅಷ್ಟರಲ್ಲಿ ಅವರು ಇನ್ನೊಂದು ತುತ್ತು ಮುರಿದು, ಅದ್ದಿ, ಬಾಯಿಯ ಹತ್ತಿರ ಹಿಡಿದು ಕಾಯುತ್ತಾ ಕೂತರು.

"ಹೇಳು ಮತ್ತೆ," ಅಂದರು. "ಧನಿಯಾದಿಂದ."