ಮೇಲಿನ ಚಿಕ್ಕ ಸ್ಪೀಕರ್

ನನ್ನ ಗಂಡ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಗಡಿಯಾರವನ್ನು ಕಿವಿಗಿಟ್ಟುಕೊಂಡು ಯಾವ ಚಕ್ರದ ಹಲ್ಲು ಸವೆದಿದೆ ಎಂದು ಹೇಳಿಬಿಡುತ್ತಿದ್ದರು. ನನ್ನ ಹೊಲಿಗೆ ಯಂತ್ರಕ್ಕೆ ಎಣ್ಣೆ ಬೇಕೆಂದು ಪಕ್ಕದ ಕೋಣೆಯಿಂದಲೇ ಕೂಗುತ್ತಿದ್ದರು. ಅಂಥವರಿಗೆ ಇದ್ದದ್ದು ಒಂದೇ ಆಸೆ, ಮೂಲೆ ಅಂಗಡಿಯ ಆ ವಿದೇಶಿ ಜೋಡಿ ಸ್ಪೀಕರ್.

ಮೊದಲ ಸಲ ವಿಚಾರಿಸಿದಾಗ ಅದಕ್ಕೆ ಸ್ಕೂಟರಿನ ಬೆಲೆ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ಇರೋ ರೇಡಿಯೋ ಏನು ಮೂಗನಾ?" ಎಂದು ರೇಗಿದೆ. ನಿಜ ಹೇಳಬೇಕೆಂದರೆ ಹಿಟ್ಟೂ ಇತ್ತು, ದುಡ್ಡೂ ಇತ್ತು. ಬಿಚ್ಚಲು ನನಗೆ ಮನಸ್ಸಿರಲಿಲ್ಲ.

"ಹೋಗ್ಲಿ ಬಿಡೇ, ಮುಂದಿನ ವರ್ಷ ಇಳೀಬಹುದು" ಎಂದರು. ಇಳಿಯುವುದೇ? ಸುಂಕ ಏರಿತು ಅಂದರು, ಹಡಗಿನ ಬಾಡಿಗೆ ಏರಿತು ಅಂದರು. ಎಂಟು ವರ್ಷದಲ್ಲಿ ಅದೇ ಸ್ಪೀಕರ್ ಕಾರಿನ ಬೆಲೆ ಮುಟ್ಟಿತು. ಇವರು ಪ್ರತಿ ಭಾನುವಾರ ಆ ಅಂಗಡಿಯ ಕುರ್ಚಿಯಲ್ಲಿ ಪುಕ್ಕಟೆ ಕೂತು, ಒಂದೇ ಪಿಟೀಲಿನ ರೆಕಾರ್ಡ್ ಕೇಳಿ ಬರುತ್ತಿದ್ದರು. ಕಳೆದ ವರ್ಷ ಅದನ್ನೂ ನಿಲ್ಲಿಸಿದರು. ಬೆಲೆ ಕೇಳಿ ಆಸೆ ಬಿಟ್ಟರು ಅಂದುಕೊಂಡೆ. ಆಮೇಲೆ ಕಣ್ಣು ಸಾಲದೆಂದು ತಮ್ಮ ಅಂಗಡಿಯನ್ನೂ ಮುಚ್ಚಿದರು.

ಮನೆಯಲ್ಲಿ ಮಂಕಾಗಿ ಕೂತವರನ್ನು ನೋಡಲಾಗದೆ, ಹೊಲಿದು ಉಳಿಸಿದ್ದನ್ನೆಲ್ಲ ಸುರಿದು, ಪ್ಲೇಯರ್ ಮತ್ತು ಆ ಪಿಟೀಲಿನ ರೆಕಾರ್ಡ್ ಸಮೇತ ಸ್ಪೀಕರ್ ತರಿಸಿದೆ. ಜೋಡಿಸಲು ಬಂದವನು ಬೇರೆ ಮನೆಗೆ ಅವಸರವೆಂದು, ನುಡಿಸಿ ನೋಡದೆಯೇ ಓಡಿದ. ಇವರು ಪಿಟೀಲಿನ ರೆಕಾರ್ಡ್ ಹಾಕಿ ಕಣ್ಣು ಮುಚ್ಚಿದರು.

"ಆಹಾ! ಎದುರಿಗೇ ಕೂತು ನುಡಿಸ್ದಂಗಿದೆ ಕಣೇ!"

ನನಗೋ ಯಾರೋ ಕಂಬಳಿಯೊಳಗೆ ಕೂತು ನುಡಿಸಿದಂತೆ ಕೇಳಿತು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ನನ್ನನ್ನೇ ಬೈದುಕೊಂಡೆ.

ಮರುದಿನ ಇವರು ತರಕಾರಿಗೆ ಹೋಗಿದ್ದಾಗ ಆ ಜೋಡಿಸಿ ಹೋದವನು ಏದುಸಿರು ಬಿಡುತ್ತ ಬಂದ. ಅಂಗೈಯಲ್ಲಿ ನಾಲ್ಕು ಪುಟ್ಟ ತಗಡು.

"ತಪ್ಪಾಯ್ತು ಅಕ್ಕಾ! ಹಿಂದುಗಡೆ ಮೇಲಿನ ಸ್ಕ್ರೂಗೂ ಕೆಳಗಿನ ಸ್ಕ್ರೂಗೂ ಸೇರಿಸೋ ತಗಡು, ನನ್ ಜೇಬಲ್ಲೇ ಉಳೀತು. ನಿನ್ನೆಯಿಂದ ಎರಡೂ ಪೆಟ್ಟಿಗೇಲಿ ಮೇಲಿನ ಚಿಕ್ಕ ಸ್ಪೀಕರ್ ಸತ್ತಂಗೇ ಇದ್ವು. ಪಿಟೀಲಿನ ಸಣ್ಣ ಸ್ವರ ಎಲ್ಲಾ ಬರೋದೇ ಅದ್ರಲ್ಲಿ. ಯಜಮಾನ್ರು ಉಗೀಲಿಲ್ವಾ?"

ಅವನು ತಗಡು ಹಾಕಿ ನುಡಿಸಿದ. ಅಯ್ಯೋ, ಪಿಟೀಲು ಅಂದರೆ ಇದೇ! ಕಮಾನು ತಂತಿಗೆ ತಾಗುವ ಸದ್ದು ನನ್ನಂಥ ಕತ್ತೆಗೂ ಕೇಳಿಸಿತು. ಇವರು ಅಂಗಡಿ ಮುಚ್ಚಿದ್ದು ಕಣ್ಣಿನಿಂದಲ್ಲ. ಭಾನುವಾರದ ಕುರ್ಚಿ ಬಿಟ್ಟದ್ದು ಬೆಲೆಗೆ ಹೆದರಿಯೂ ಅಲ್ಲ. ಹಲ್ಲಿದ್ದಾಗ ಕಡಲೆ ಇರಲಿಲ್ಲ ಅನ್ನುವ ಹಾಗೂ ಇಲ್ಲ ನಾನು. ಕಡಲೆ ಇತ್ತು. ಡಬ್ಬಿಯ ಮುಚ್ಚಳ ಒತ್ತಿ ಹಿಡಿದು ಎಂಟು ವರ್ಷ ಕೂತವಳು ನಾನೇ.

"ಅವ್ರಿಗೆ ಹೇಳ್ಬೇಡಪ್ಪಾ" ಎಂದು ಅವನನ್ನು ಕಳಿಸಿದೆ.

ಇವರು ಬಂದು ಚೀಲ ಇಟ್ಟು, ಅದೇ ರೆಕಾರ್ಡ್ ಹಾಕಿ ಕೂತರು.

"ಹೆಂಗಿದೆ ರೀ?" ಸ್ವಲ್ಪ ಜೋರಾಗಿಯೇ ಕೇಳಿದೆ.

"ನಿನ್ನೆ ಹಂಗೇ ಇದೆ. ನೋಡು, ದುಬಾರಿ ಸಾಮಾನು ಅಂದ್ರೆ ಹಿಂಗಿರ್ಬೇಕು!" ಎಂದು ನಕ್ಕರು.

ಪಕ್ಕದಲ್ಲಿ ಕೂತೆ. ಪಿಟೀಲು ಮೇಲೆ ಮೇಲೆ ಏರುತ್ತಿತ್ತು. ಎಲ್ಲಿಯವರೆಗೆ ಕೇಳಿಸುತ್ತಿದೆ ಎಂದು ಅವರನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ.