ಅವ್ವ ಬಿಟ್ಟ ದಿಕ್ಕು

ಹಡಗು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಸಮ್ಮೇದನಿಗೆ ಮೈಯೆಲ್ಲ ಉರಿಯುತ್ತಿತ್ತು. ಅಪ್ಪ ಬಾಪುಸಾಹೇಬ ಕೊರೊನಾದಲ್ಲಿ ಉಸಿರು ಸಿಗದೆ ತೀರಿಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಅಷ್ಟರಲ್ಲೇ ಅಣ್ಣ ಶ್ರೇಣಿಕ, ಮನೆಮಂದಿಯನ್ನೆಲ್ಲ ಮುಂಬೈಯಿಂದ ಗೋವಾಕ್ಕೆ ದೊಡ್ಡ ಹಡಗಿನಲ್ಲಿ ಕರೆದೊಯ್ಯುತ್ತೇನೆಂದು ಹಟ ಹಿಡಿದಿದ್ದ. ಅವ್ವ ಲಕ್ಷ್ಮಿಬಾಯಿ ತಮ್ಮೂರು ಶೇಡಬಾಳ ಬಿಟ್ಟು ಎಲ್ಲಿಗೂ ಹೋಗದೆ ಕುಗ್ಗುತ್ತಿದ್ದಾಳೆ, ಸಮುದ್ರ ಕಂಡರೆ ಜೀವ ಹಗುರಾದೀತು ಎಂಬುದು ಅವನ ವಾದ.

ಅಣ್ಣನ ಹೆಂಡತಿ, ವೈನಿ ಮನಿಷಾ ಮೊಬೈಲಿನಲ್ಲಿ ನಿಯಮ ಓದಿದಳು. ಎರಡೂ ಡೋಸ್ ಆಗಿರಬೇಕು, ಹತ್ತುವ ಮೊದಲು ಟೆಸ್ಟ್ ಆಗಬೇಕು, ಮಾಸ್ಕ್ ಇಳಿಸುವಂತಿಲ್ಲ. ಜೈನ ಊಟವನ್ನು ಹೊತ್ತು ಮುಳುಗುವ ಮೊದಲೇ ಬಡಿಸುತ್ತಾರಂತೆ ಎಂಬುದನ್ನು ಅತ್ತೆಗೆ ಕೇಳಲೆಂದೇ ಒತ್ತಿ ಹೇಳಿದಳು. ಸಮ್ಮೇದನಿಗೆ ತಡೆಯಲಾಗಲಿಲ್ಲ. ಮೋಜಿಗೆ ಹೊರಟವರಿಗೆ ರಿಪೋರ್ಟು ಕೂಡಲೇ ಸಿಗುತ್ತದೆ. ಅಪ್ಪನನ್ನು ಮಹಾರಾಷ್ಟ್ರದ ಮಿರಜಿನ ಆಸ್ಪತ್ರೆಗೆ ಒಯ್ಯುವಾಗ ಅದೇ ರಿಪೋರ್ಟು ಇಲ್ಲವೆಂದು ಗಡಿಯ ಚೆಕ್‌ಪೋಸ್ಟಿನಿಂದ ಗಾಡಿ ತಿರುಗಿಸಿದವ ನೀನೇ ಅಲ್ಲವೇ, ಅದು ಕೈಗೆ ಬರುವಷ್ಟರಲ್ಲಿ ಹೆಣ ಸುಟ್ಟಾಗಿತ್ತು ಎಂದು ಅಣ್ಣನ ಮೇಲೆ ಹರಿಹಾಯ್ದ. ಒಂಬತ್ತನೇ ಇಯತ್ತೆಗೇ ಸಾಲಿ ಬಿಟ್ಟವನಿಗೆ ಸಿಟ್ಟೊಂದೇ ವಿದ್ಯೆ ಎಂದು ಶ್ರೇಣಿಕ ಚುಚ್ಚಿದ.

ಮೂಲೆಯಲ್ಲಿದ್ದ ಲಕ್ಷ್ಮಿಬಾಯಿ ಮೊದಲ ಸಲ ಬಾಯಿ ಬಿಟ್ಟಳು. "ಹಡಗಿನ್ಯಾಗ ಯಾರಿಗರೆ ಪಾಸಿಟಿವ್ ಬಂದ್ರ?"

ಬೇರೆ ಕೋಣೆಯಲ್ಲಿ ಒಬ್ಬರನ್ನೇ ಇಡುತ್ತಾರೆ, ಊಟ ಬಾಗಿಲ ಹೊರಗೆ ಬರುತ್ತದೆ ಎಂದಳು ಮನಿಷಾ.

"ನಮ್ಮ ಪ್ರಾಜಕ್ತಾಗ ಬಂದ್ರ?"

ಮನಿಷಾ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಸಣ್ಣವರ ಜೊತೆ ತಾಯಿಯನ್ನು ಬಿಡುತ್ತಾರೆ ಎಂದು ಶ್ರೇಣಿಕ ಎಲ್ಲೂ ಓದದ ಮಾತು ಹೇಳಿದ.

"ನೀವ ಹೋಗ್ರಿ," ಎಂದಳು ಲಕ್ಷ್ಮಿಬಾಯಿ. "ನಾ ಪಡುವಲ ದಿಕ್ಕ ಬಿಟ್ಟೀನಿ. ಮುನಿಗಳ ಮುಂದ ವ್ರತಾ ತಗೊಂಡೀನಿ."

ಇಂಥ ದಿಕ್ಕಿಗೆ ಇಷ್ಟೇ ದೂರ, ಅದರಾಚೆ ಕಾಲಿಡೆನು ಎಂದು ಗೃಹಸ್ಥರು ಹಿಡಿಯುವ ವ್ರತ ಅದು. ಅಪ್ಪ ತೀರಿಹೋದ ತಿಂಗಳಲ್ಲೇ ಬಸದಿಗೆ ಹೋಗಿ, ಆ ಚೆಕ್‌ಪೋಸ್ಟಿನ ಆಚೆಯನ್ನು ಆಕೆ ಸಾಯುವತನಕ ತೊರೆದು ಬಂದಿದ್ದಳು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹಾಗಾದರೆ ತಾನೂ ಬರುವುದಿಲ್ಲ ಎಂದ ಸಮ್ಮೇದ.

"ಇಲ್ಲಪಾ, ನೀ ಹೋಗಾಕ ಬೇಕು. ಅವತ್ತ ಗೇಟ್ ಮುರದ ಗಾಡಿ ಒಯ್ತೀನಿ ಅಂದಿದ್ದಿ. ಕಾಯ್ದೆ ಐತಿ, ಬ್ಯಾಡಂತ ನಾನ ನಿನ್ನ ರಟ್ಟಿ ಹಿಡದೆ. ನಾಳೆ ಆ ಕೂಸಿನ್ನ ಒಳಗ ಹಾಕಿ ಬಾಗಲಾ ಮುಚ್ಚಿದ್ರ, ಮುರಿಯಾವ ಒಬ್ಬ ಇರಬೇಕು."

ಆ ಹಿಡಿತ ಸಮ್ಮೇದನ ತೋಳಿನಲ್ಲಿ ಇನ್ನೂ ಇತ್ತು. ಆದರೆ ಇಷ್ಟು ದಿನ ಅವ್ವನಿಗೆ ಒಂದು ಮಾತೂ ಅನ್ನದೆ, ಸ್ಟೇರಿಂಗ್ ಹಿಡಿದಿದ್ದ ಅಣ್ಣನನ್ನೇ ಬೈಯುತ್ತ ಬಂದಿದ್ದ.

ಶ್ರೇಣಿಕ ತಲೆ ತಗ್ಗಿಸಿದ. ಬಾಗಿಲು ಮುರಿಯುವವನನ್ನು ಜೊತೆಗಿಟ್ಟುಕೊಂಡು ಹೋಗುವ ಟ್ರಿಪ್ ತನಗೆ ಬೇಡ, ಕ್ಯಾನ್ಸಲ್ ಮಾಡು ಎಂದು ಹೆಂಡತಿಗೆ ಹೇಳಿ ಎದ್ದುಹೋದ.

ವಾರದಿಂದ ಸಮ್ಮೇದ ಜಗಳಾಡಿದ್ದು ಇದಕ್ಕಾಗಿಯೇ. ಗೆದ್ದಂತೆ ಮಾತ್ರ ಅನಿಸಲಿಲ್ಲ. ಅವ್ವನ ಎದುರು ಕುಕ್ಕರುಗಾಲಲ್ಲಿ ಕೂತ. ನಿಂದೇನು ತಪ್ಪಿಲ್ಲವ್ವಾ ಎನ್ನಬೇಕಿತ್ತು, ನಾಲಿಗೆ ಏಳಲಿಲ್ಲ.

"ಆ ವ್ರತಾ ಬಿಡವ್ವಾ," ಎಂದಷ್ಟೇ ಅಂದ.

"ಬಿಡಾಕ ಬರೂದಿಲ್ಲಪಾ."

ಆಮೇಲೂ ಆಕೆ ಇನ್ನೊಂದು ಮಾತಿಗಾಗಿ ಅವನ ಮುಖವನ್ನೇ ನೋಡುತ್ತಿದ್ದಳು. ಅದು ಬರಲಿಲ್ಲ.