ಕೋಲಿಗೆ ಬಿದ್ದ ರಿಂಗು

ಭಾನುವಾರ ಊಟ ಮುಗಿದ ಮೇಲೆ ಆ ಮನೆಯ ಹಿಂದಿನ ತೋಟದಲ್ಲಿ ರಿಂಗ್ ಎಸೆಯುವ ಆಟ ನಡೆಯಲೇಬೇಕು. ಆಟಕ್ಕೆ ಬೇಕಾದದ್ದು ಇಷ್ಟೇ: ನೆಲದಲ್ಲಿ ನೆಟ್ಟ ಹಳೆಯ ಪೊರಕೆಯ ಕೋಲು, ಗಿಡಕ್ಕೆ ನೀರು ಬಿಡುವ ಪೈಪನ್ನು ಕತ್ತರಿಸಿ ಬಗ್ಗಿಸಿದ ನಾಲ್ಕು ರಿಂಗು. ಅವನ್ನು ಮಾಡಿದವನು ಅಜ್ಜ. ಮೊನ್ನೆ ಮೊನ್ನೆಯವರೆಗೆ ಎಲ್ಲರನ್ನೂ ಸೋಲಿಸಿ ಮೀಸೆ ತಿರುವುತ್ತಿದ್ದವನೂ ಅವನೇ. ಶಾಲೆಯ ಬಸ್ ಡ್ರೈವರ್ ಆತ. ಇಷ್ಟು ವರ್ಷದಲ್ಲಿ ಬಸ್ಸಿಗೆ ಒಂದು ಗೀರೂ ಬಿದ್ದಿಲ್ಲವೆಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

ಈ ಭಾನುವಾರ ಅವನ ಮೊದಲ ರಿಂಗು ಕೋಲಿಗಿಂತ ಒಂದು ಮೊಳ ಈಚೆಗೆ ಬಿತ್ತು. ಎರಡನೆಯದೂ ಅಲ್ಲೇ.

"ಗಾಳಿ ಕಣೇ," ಎಂದ ಅಜ್ಜ.

"ಒಂದೆಲೆ ಅಲ್ಲಾಡ್ತಿಲ್ಲ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಅಜ್ಜಿ ಕುರ್ಚಿಯಿಂದಲೇ ಕುಟುಕಿದಳು.

ಅಳಿಯ ಸಂಕೋಚದ ಮನುಷ್ಯ. ಮಾವ ಸೋಲುವುದನ್ನು ನೋಡಲಾರದೆ ಕೋಲನ್ನು ಕಿತ್ತು ಒಂದು ಹೆಜ್ಜೆ ಈಚೆಗೆ ನೆಟ್ಟ. ಮೂರನೆಯ ರಿಂಗು ಕೋಲನ್ನು ದಾಟಿ ಗುಲಾಬಿ ಗಿಡಕ್ಕೆ ಸಿಕ್ಕಿಕೊಂಡಿತು. ಎಲ್ಲರೂ ನಕ್ಕರು, ಅಜ್ಜನೂ ನಕ್ಕ. ಆದರೆ ಒಳಗೊಳಗೇ ಹೆದರಿದ್ದ. ಕೆಲವು ತಿಂಗಳಿಂದ ಅವನ ಬಲಗಣ್ಣಿಗೆ ಮಂಜು ಕವಿದಿತ್ತು. ಹೇಳಿದರೆ ಬಸ್ಸಿನ ಕೀಲಿ ಕೈತಪ್ಪುತ್ತದೆ. ಕೀಲಿಯಿಲ್ಲದ ಬೆಳಗನ್ನು ನೆನೆಸಿಕೊಂಡರೇ ಅಳು ಬರುತ್ತಿತ್ತು. ಎಡಗಣ್ಣು ಗಟ್ಟಿಯಿದೆ, ರಸ್ತೆಯೆಲ್ಲ ಬಾಯಿಪಾಠವಾಗಿದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ದಿನ ದೂಡುತ್ತಿದ್ದ.

ಮಗಳು, ಅಳಿಯ ಇಬ್ಬರೂ ಮುಳ್ಳಿನಿಂದ ರಿಂಗು ಬಿಡಿಸುತ್ತಿದ್ದಾಗ ಅಜ್ಜ ನಾಲ್ಕನೆಯದನ್ನು ಎಸೆದ. ಕೋಲಿನ ಪಕ್ಕದಲ್ಲೇ ನಿಂತಿದ್ದ ಮೊಮ್ಮಗಳು ಚೂಟಿ ಕುಣಿದಾಡಿದಳು. "ಬಿತ್ತು! ಅಜ್ಜಂದು ಬಿತ್ತು!"

ಅಳಿಯ ಚಪ್ಪಾಳೆ ತಟ್ಟಿದ. ಅಜ್ಜ ಹತ್ತಿರ ಹೋಗಿ ನೋಡಿದರೆ, ರಿಂಗು ನಿಜಕ್ಕೂ ಕೋಲಿನಲ್ಲಿತ್ತು. ಆದರೆ ರಿಂಗು ಕೋಲಿಗೆ ತಗಲಿದಾಗ ಟಕ್ಕೆನ್ನುವ ಸದ್ದು ಅವನಿಗೆ ಕೇಳಿಸಿರಲಿಲ್ಲ. ಅವನು ಮೊಮ್ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತ.

"ನಿಜ ಹೇಳು ಪುಟ್ಟಾ. ಅದಾಗೇ ಬಿತ್ತಾ?"

ಚೂಟಿ ಅವನ ಕಿವಿಗೆ ಬಾಯಿಟ್ಟಳು. "ನಾನೇ ಹಾಕ್ದೆ. ಯಾರಿಗೂ ಹೇಳಲ್ಲ ಅಜ್ಜ. ಬಸ್ಸಿಂದೂ ಹೇಳಿಲ್ವಲ್ಲ."

"ಬಸ್ಸಿಂದು ಏನು?"

"ಹಂಪ್ ಬಂತು, ಸೈಕಲ್ ಬಂತು ಅಂತ ದಿನಾ ಹೇಳ್ತೀನಲ್ಲ? ನಿಂಗೆ ಕಾಣಲ್ಲ ಅಂತಾನೇ ಹೇಳೋದು."

ಮುಂದಿನ ಸೀಟಿನಲ್ಲಿ ಕೂತು ಇವಳು ಹರಟೆ ಕೊಚ್ಚುತ್ತಾಳೆಂದು ಅಜ್ಜ ಇಷ್ಟು ದಿನ ತಿಳಿದಿದ್ದ. ಇವಳ ಹಿಂದೆ ಇದ್ದದ್ದು ಬಸ್ಸಿನ ತುಂಬ ಊರವರ ಮಕ್ಕಳು. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಅಲ್ಲಿಂದಲೇ ಶಾಲೆಯ ಬಸ್ಸುಗಳನ್ನು ನೋಡಿಕೊಳ್ಳುವ ಮೇಲ್ವಿಚಾರಕನಿಗೆ ಫೋನ್ ಮಾಡಿದ. "ನಾಳೆಗೆ ಬೇರೆ ಡ್ರೈವರ್‌ನ ಹಾಕಿ ಸಾರ್."

"ಯಾಕ್ರೀ, ಜ್ವರಾನಾ?"

ಹೌದೆಂದರೆ ಎರಡು ದಿನದ ರಜೆಯಲ್ಲಿ ಮುಗಿಯುತ್ತಿತ್ತು. ನಾಲಿಗೆ ತುದಿಗೆ ಬಂದದ್ದನ್ನು ಅಜ್ಜ ನುಂಗಿಕೊಂಡ.

"ಇಲ್ಲ ಸಾರ್. ಬಲಗಣ್ಣು ಕಾಣ್ತಿಲ್ಲ. ತುಂಬಾ ದಿನದಿಂದ ಕಾಣ್ತಿಲ್ಲ."

ಅಜ್ಜಿ ಎದ್ದು ಬಂದು, "ನನಗಾದ್ರೂ ಹೇಳಬಾರದಿತ್ತೇನ್ರೀ," ಎಂದಳು. ಬೈಯಲು ಹೊರಟವಳ ದನಿ ನಡುವೆಯೇ ಒಡೆಯಿತು. ಮಗಳು ಕಣ್ಣಿನ ಡಾಕ್ಟರ ಹತ್ತಿರ ನಾಳೆಯೇ ಹೋಗೋಣ ಎನ್ನುತ್ತಿದ್ದಳು. ಚೂಟಿ ಮಾತ್ರ ಅಜ್ಜನ ಅಂಗಿ ಜಗ್ಗುತ್ತಿದ್ದಳು.

"ಅಜ್ಜ, ಹೊಸ ಡ್ರೈವರ್‌ಗೆ ಎರಡೂ ಕಣ್ಣು ಕಾಣುತ್ತಾ?"

"ಕಾಣುತ್ತೆ ಪುಟ್ಟಾ."

"ಹಾಗಾದ್ರೆ ನಾಳೆಯಿಂದ ನಾನು ಹಿಂದಿನ ಸೀಟಲ್ಲಿ ನನ್ನ ಫ್ರೆಂಡ್ ಜೊತೆ ಕೂತ್ಕೋಬಹುದಾ?"